ಹನ್ನೊಂದು ದಿನದ ಮಗು ತೀರಿಕೊಂಡಿದ್ದು ನಮ್ಮ ಪಾಪಕ್ಕೆ ಶಿಕ್ಷೆ ಅಂತ ಹೇಳಿದ್ದಾರೆ. ಸತ್ಯವೇದ ನಿಜವಾಗಿ ಏನು ಹೇಳುತ್ತದೆ?

ಕೇಳಿದವರು: ಗದಗದವನು

ಎಲ್ಲರಿಗೂ ವಂದನೆ. ಬಹಳ ದಿನದಿಂದ ಇಲ್ಲಿ ಓದುತ್ತಿದ್ದೇನೆ, ಬರೆಯುತ್ತಿರುವುದು ಇದೇ ಮೊದಲು. ಸ್ವಲ್ಪ ಉದ್ದ ಆಗುತ್ತದೆ, ಬೇಜಾರು ಮಾಡಿಕೊಳ್ಳಬೇಡಿ.

ನಾವು ಗದಗ-ಬೆಟಗೇರಿ ಕಡೆಯವರು, ಸಿಎಸ್‌ಐ (ಚರ್ಚ್ ಆಫ್ ಸೌತ್ ಇಂಡಿಯಾ) ಸಭೆ. ಕೆಲಸಕ್ಕೆ ಅಂತ ಬೆಂಗಳೂರಿಗೆ ಬಂದು ಆರು ವರ್ಷ ಆಯಿತು. ಮೂರು ತಿಂಗಳ ಹಿಂದೆ ನಮಗೆ ಮಗಳು ಹುಟ್ಟಿದಳು. ಏಳು ತಿಂಗಳಿಗೇ ಹೆರಿಗೆ ಆಯಿತು. ತೂಕ ಒಂದು ಕೆಜಿ ನೂರು ಗ್ರಾಂ. ಶ್ವಾಸಕೋಶ ಇನ್ನೂ ಸರಿಯಾಗಿ ಬೆಳೆದಿಲ್ಲ ಅಂದರು ಡಾಕ್ಟರ್. ಹನ್ನೊಂದು ದಿನ ಗಾಜಿನ ಪೆಟ್ಟಿಗೆಯಲ್ಲಿ ಇದ್ದಳು. ಪಕ್ಕದ ತೂತಿನಿಂದ ಕೈ ಹಾಕಿ ಮುಟ್ಟಲು ಬಿಡುತ್ತಿದ್ದರು. ನನ್ನ ಕಿರುಬೆರಳಿನ ತುದಿ ಹಿಡಿಯಲು ಅವಳಿಗೆ ಐದೂ ಬೆರಳು ಬೇಕಾಗುತ್ತಿತ್ತು. ಹನ್ನೊಂದನೇ ದಿನ ಬೆಳಗಿನ ಜಾವ ಹೋಗಿಬಿಟ್ಟಳು.

ನಾವು ಇಲ್ಲಿ ಒಂದು ಪ್ರಾರ್ಥನಾ ಗುಂಪಿಗೆ ಹೋಗುತ್ತಿದ್ದೆವು. ಹೆಸರು ಬೇಡ. ಅಲ್ಲಿಯ ಹಿರಿಯರೊಬ್ಬರು ಮನೆಗೆ ಬಂದು ಪ್ರಾರ್ಥನೆ ಮಾಡಿದರು. ಮುಗಿದ ಮೇಲೆ ನನ್ನ ಹೆಂಡತಿಯನ್ನು ಕೇಳಿದರು, "ಒಪ್ಪಿಕೊಳ್ಳದೆ ಉಳಿದ ಪಾಪ ಏನಾದರೂ ಇದೆಯಾ ತಾಯಿ? ದಾವೀದನ ಮಗುವಿಗೂ ಹೀಗೇ ಆಗಿತ್ತು." ಎರಡನೇ ಸಮುವೇಲ 12ನೇ ಅಧ್ಯಾಯ ಓದಿ ಅಂತ ಹೇಳಿ ಹೋದರು. ದಾವೀದ ರಾಜನ ಪಾಪಕ್ಕೆ ಅವನ ಕೂಸು ಸತ್ತ ಕಥೆ ಅಲ್ಲಿದೆ.

ಅವತ್ತಿನಿಂದ ಅವಳು ಒಂದು ನೋಟ್‌ಬುಕ್ ಇಟ್ಟಿದ್ದಾಳೆ. ನೆನಪಾದ ಪಾಪವನ್ನೆಲ್ಲ ಅದರಲ್ಲಿ ಬರೆಯುತ್ತಾಳೆ. ಸಂಡೇ ಸ್ಕೂಲಿಗೆ ಹೋಗುವಾಗ ಕಾಣಿಕೆ ಚೀಲಕ್ಕೆ ಹಾಕು ಅಂತ ಅಪ್ಪ ಕೊಟ್ಟ ಎರಡು ರೂಪಾಯಿಗೆ ಪೆಪ್ಪರ್‌ಮಿಂಟ್ ತಿಂದಿದ್ದು. ನಮ್ಮ ಅವ್ವನಿಗೆ ಎದುರು ಮಾತಾಡಿದ್ದು. ಬಸುರಿ ಅಂತ ಗೊತ್ತಾದ ದಿನ "ಇಷ್ಟು ಬೇಗ ಬೇಡಾಗಿತ್ತು" ಅಂತ ಒಂದು ಗಳಿಗೆ ಅನ್ನಿಸಿದ್ದು. ಆ ಸಾಲಿನ ಕೆಳಗೆ ಎರಡು ಗೆರೆ ಎಳೆದಿದ್ದಾಳೆ. ಚರ್ಚಿನಲ್ಲಿ ರೊಟ್ಟಿ-ದ್ರಾಕ್ಷಾರಸ ಕೊಡುವ ಕರ್ತನ ಭೋಜನಕ್ಕೆ ಏಳುವುದನ್ನೇ ಬಿಟ್ಟಿದ್ದಾಳೆ, ಬೆಂಚಿನಲ್ಲಿ ಕೂತೇ ಇರುತ್ತಾಳೆ.

ಇನ್ನೊಂದು ಕಡೆ ನನ್ನ ಭಾವ ಇದ್ದಾರೆ. ಅವರು ಹೇಳುವುದು, "ಮೋಶೆಯ ಧರ್ಮಶಾಸ್ತ್ರದ ಕಾಲ ಮುಗಿಯಿತು, ಶಿಲುಬೆಯಲ್ಲಿ ಎಲ್ಲ ತೀರಿತು, ಇನ್ನು ಪಾಪದ ಮಾತೇ ಎತ್ತಬೇಡಿ." ಕೇಳಲು ಹಿತವಾಗಿದೆ. ಆದರೆ ಅವಳು ತಿರುಗಿ ಕೇಳಿದಳು, "ಹಾಗಿದ್ದರೆ ಹತ್ತು ಆಜ್ಞೆ ನಮಗೆ ಬಾಯಿಪಾಠ ಮಾಡಿಸಿದ್ದು ಯಾಕೆ? ನನ್ನ ಮನಸ್ಸು ಚುಚ್ಚುವುದು ಯಾಕೆ?" ಭಾವನ ಹತ್ತಿರ ಉತ್ತರ ಇರಲಿಲ್ಲ. ನನ್ನ ಹತ್ತಿರವೂ ಇಲ್ಲ.

ಇನ್ನೂ ಒಂದು ಚಿಂತೆ ಇದೆ. ಮಗುವಿಗೆ ದೀಕ್ಷಾಸ್ನಾನ (ಬ್ಯಾಪ್ಟಿಸಂ) ಆಗಿರಲಿಲ್ಲ. ಐಸಿಯು ಒಳಗೆ ಅಯ್ಯನವರನ್ನು ಕರೆಯಬಹುದು ಅಂತ ನಮಗೆ ಹೊಳೆಯಲೇ ಇಲ್ಲ.

ನಮ್ಮ ಪಕ್ಕದ ಮನೆಯ ಅಜ್ಜಿ ಕ್ರೈಸ್ತರಲ್ಲ. ಸುದ್ದಿ ಕೇಳಿ ಬಾಗಿಲಲ್ಲಿ ನಿಂತು "ಅಯ್ಯೋ ಪಾಪ" ಅಂದರು, ಅನ್ನ-ಸಾರು ಇಟ್ಟು ಹೋದರು. ಹಿರಿಯರು ಹೇಳಿದ್ದೂ ಅದೇ ಪಾಪ ಅನ್ನುವ ಮಾತು. ಇಬ್ಬರಲ್ಲಿ ದೇವರ ಮಾತು ಯಾರದು ಅಂತ ನನಗೆ ತಿಳಿಯಬೇಕು. ಸುಮ್ನೆ ಸಮಾಧಾನ ಹೇಳಬೇಡಿ. ವಾಕ್ಯದಲ್ಲಿ ಇರುವುದನ್ನೇ ಹೇಳಿ.

ಉತ್ತರ 1: ಧಾರವಾಡದ ಟೀಚರ್

ತಮ್ಮಾ, ಮೊದಲು ನಿನ್ನ ಹೆಂಡತಿಗೆ ನನ್ನ ಪ್ರೀತಿ ತಿಳಿಸು. ನಾನು ಮೂವತ್ತು ವರ್ಷ ಶಾಲೆಯಲ್ಲಿ ಕಲಿಸಿದವಳು, ಭಾನುವಾರ ಸಂಡೇ ಸ್ಕೂಲ್. ಆ ಎರಡು ರೂಪಾಯಿ ಎಷ್ಟು ಮಕ್ಕಳು ತಿಂದಿದ್ದಾರೆ ಅಂತ ನನಗೆ ಗೊತ್ತು. ಅವರೆಲ್ಲ ದೊಡ್ಡವರಾಗಿ ಮಕ್ಕಳು ಮರಿ ಅಂತ ಚೆನ್ನಾಗಿದ್ದಾರೆ. ಪೆಪ್ಪರ್‌ಮಿಂಟಿಗೆ ದೇವರು ಮಗು ಕಿತ್ತುಕೊಳ್ಳುವುದಾದರೆ ಧಾರವಾಡದಲ್ಲಿ ಒಂದು ಮಗುವೂ ಉಳಿಯುತ್ತಿರಲಿಲ್ಲ.

ವಾಕ್ಯ ಕೇಳಿದ್ದೀಯ. ಯೋಹಾನ 9ನೇ ಅಧ್ಯಾಯ ತೆಗೆ. ಹುಟ್ಟುಕುರುಡನನ್ನು ನೋಡಿ ಶಿಷ್ಯರು ಕೇಳಿದ್ದು ನಿಮ್ಮ ಹಿರಿಯರು ಕೇಳಿದ ಪ್ರಶ್ನೆಯನ್ನೇ: ಇವನು ಮಾಡಿದ ಪಾಪವಾ, ಇವನ ತಂದೆತಾಯಿ ಮಾಡಿದ್ದಾ? ಯೇಸು ಸ್ವಾಮಿ ಎರಡನ್ನೂ ಅಲ್ಲ ಅಂದರು. ಆಮೇಲೆ ನೆಲಕ್ಕೆ ಉಗುಳಿ ಕೆಸರು ಮಾಡಿ ಅವನ ಕಣ್ಣಿಗೆ ಹಚ್ಚಿದರು. ಶಿಷ್ಯರಿಗೆ ಕಾರಣ ಬೇಕಾಗಿತ್ತು, ಅವನಿಗೆ ಕಣ್ಣು ಬೇಕಾಗಿತ್ತು. ಸ್ವಾಮಿ ಯಾರ ಕಡೆ ತಿರುಗಿದರು ನೋಡು.

ಯೆಹೆಜ್ಕೇಲ 18 ಓದು. ಬಾಬಿಲೋನಿನಲ್ಲಿ ಸೆರೆಯಲ್ಲಿದ್ದ ಜನರ ಬಾಯಲ್ಲಿ ಒಂದು ಗಾದೆ ಓಡಾಡುತ್ತಿತ್ತು: ಹುಳಿದ್ರಾಕ್ಷಿ ತಿಂದದ್ದು ಅಪ್ಪ, ಹಲ್ಲು ಜುಂ ಅಂದದ್ದು ಮಗನಿಗೆ. ಈ ಗಾದೆ ಇನ್ನು ಆಡಕೂಡದು ಅಂತ ದೇವರೇ ಪ್ರವಾದಿಯ ಮೂಲಕ ಹೇಳಿಸುತ್ತಾನೆ. ತಂದೆಯ ದೋಷ ಮಗ ಹೊರುವುದಿಲ್ಲ, ಮಗನ ದೋಷ ತಂದೆ ಹೊರುವುದಿಲ್ಲ, ಇಡೀ ಅಧ್ಯಾಯ ಇದನ್ನೇ ಹೇಳುತ್ತದೆ. ಧರ್ಮೋಪದೇಶಕಾಂಡ 24:16 ಕೂಡ ಇದೇ: ಮಕ್ಕಳ ತಪ್ಪಿಗೆ ತಂದೆಯರನ್ನು, ತಂದೆಯರ ತಪ್ಪಿಗೆ ಮಕ್ಕಳನ್ನು ಕೊಲ್ಲಬಾರದು. ದೇವರು ಮನುಷ್ಯರ ಕೋರ್ಟಿಗೆ ಕೊಟ್ಟ ನ್ಯಾಯ ಇದು. ತಾನೇ ಅದಕ್ಕಿಂತ ಕೆಳಗೆ ಇಳಿಯುತ್ತಾನಾ?

ಮೂರು ನಾಲ್ಕು ತಲೆಮಾರಿನವರೆಗೆ ದಂಡಿಸುವೆನು ಅಂತ ಹತ್ತು ಆಜ್ಞೆಯ ಒಳಗೇ ಇದೆಯಲ್ಲ ಅಂತ ಯಾರಾದರೂ ಹೇಳುತ್ತಾರೆ. ಇದೆ. ಆದರೆ ಪೂರ್ತಿ ಓದಬೇಕು. ತನ್ನನ್ನು ದ್ವೇಷಿಸುವವರ ವಿಷಯದಲ್ಲಿ ಮೂರು ನಾಲ್ಕು, ಪ್ರೀತಿಸುವವರ ವಿಷಯದಲ್ಲಿ ಸಾವಿರ. ಕುಡುಕ ಅಪ್ಪನ ಮನೆಯಲ್ಲಿ ಮೊಮ್ಮಕ್ಕಳವರೆಗೂ ಕಷ್ಟ ಇಳಿಯುವುದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಅದು ಪಾಪದ ಫಲ. ಏಳು ತಿಂಗಳಿಗೆ ಹುಟ್ಟಿದ ಮಗುವಿನ ಶ್ವಾಸಕೋಶಕ್ಕೆ ಆ ಮಾತು ತಂದು ಅಂಟಿಸುವುದು ಬೇರೆ.

ದಾವೀದನ ಅಧ್ಯಾಯದ ಬಗ್ಗೆ ಸುಳ್ಳು ಹೇಳಲಾರೆ. ನನಗೆ ಇಡೀ ಸತ್ಯವೇದದಲ್ಲಿ ಅದು ಬಹಳ ಕಷ್ಟದ ಅಧ್ಯಾಯ. ಅದರ ಮುಂದೆ ನಾನು ಇವತ್ತಿಗೂ ಸುಮ್ಮನೆ ಕೂರುತ್ತೇನೆ. ಯೋಬನ ಮೂವರು ಗೆಳೆಯರು ಮೊದಲ ಏಳು ಹಗಲು ಏಳು ರಾತ್ರಿ ಬಾಯಿ ಬಿಡದೆ ಅವನ ಪಕ್ಕ ನೆಲದ ಮೇಲೆ ಕೂತರು. ಬಾಯಿ ಬಿಟ್ಟ ಮೇಲೆ ಎಲ್ಲರೂ ಒಂದೇ ರಾಗ: ನೀನು ಏನೋ ಮಾಡಿದ್ದೀಯ. ಕೊನೆಯ ಅಧ್ಯಾಯದಲ್ಲಿ ದೇವರು ಸಿಟ್ಟಾಗಿದ್ದು ಯೋಬನ ಮೇಲಲ್ಲ, ಆ ಮೂವರ ಮೇಲೆ. ನಿಮ್ಮ ಮನೆಗೆ ಬಂದ ಹಿರಿಯರಿಗೆ 42:7 ತೋರಿಸು.

ಉತ್ತರ 2: ಕೆಜಿಎಫ್ ಸುವಾರ್ತಿಕ

ಬ್ರದರ್, ನಿಮ್ಮ ದುಃಖದಲ್ಲಿ ನಾನೂ ಇದ್ದೇನೆ. ಟೀಚರಮ್ಮನವರ ಮಾತಿಗೆ ಆಮೆನ್, ಆದರೆ ಅರ್ಧಕ್ಕೆ ಮಾತ್ರ. ನೀವು ವಾಕ್ಯದಲ್ಲಿರುವುದನ್ನೇ ಹೇಳಿ ಅಂದಿರಿ, ಆದ್ದರಿಂದ ಕಹಿಯಾದದ್ದನ್ನೂ ಹೇಳಬೇಕು.

ದೇವರು ಪಾಪಕ್ಕೆ ಶಿಕ್ಷೆ ಕೊಡುವುದೇ ಇಲ್ಲ ಅನ್ನುವವರು ಅರ್ಧ ಸತ್ಯವೇದ ಹರಿದು ಹಾಕಬೇಕು. ಅದೂ ಹಳೆ ಒಡಂಬಡಿಕೆ ಮಾತ್ರ ಅಲ್ಲ. ಅಪೊಸ್ತಲರ ಕೃತ್ಯಗಳು 5ರಲ್ಲಿ ಅನನೀಯ, ಸಫೈರ ಗಂಡಹೆಂಡತಿ ಪೇತ್ರನ ಕಾಲಬಳಿಯೇ ಬಿದ್ದು ಸತ್ತರು. ಯೋಹಾನ 5ರಲ್ಲಿ 38 ವರ್ಷದ ರೋಗಿಯನ್ನು ವಾಸಿ ಮಾಡಿದ ಯೇಸುವೇ, ಇನ್ನು ಪಾಪ ಮಾಡಬೇಡ, ಇದಕ್ಕಿಂತ ಕೆಟ್ಟದ್ದು ಬಂದೀತು ಅಂತ ಎಚ್ಚರಿಸಿದರು. ಕೊರಿಂಥದ ಸಭೆಯಲ್ಲಿ ಹಲವರು ರೋಗಿಗಳಾಗಿದ್ದಕ್ಕೂ ಕೆಲವರು ಸತ್ತದ್ದಕ್ಕೂ ಪೌಲನು ಕಾರಣ ಹೇಳುತ್ತಾನೆ, ಕರ್ತನ ಭೋಜನವನ್ನು ಅವರು ಕೆಡಿಸಿದ್ದರು. ಸಿಲೋವದ ಬುರುಜು ಬಿದ್ದು ಸತ್ತ 18 ಜನ ಉಳಿದವರಿಗಿಂತ ಜಾಸ್ತಿ ಪಾಪಿಗಳಲ್ಲ ಅಂತ ಲೂಕ 13ರಲ್ಲಿ ಯೇಸು ಹೇಳಿದ್ದು ಎಲ್ಲರಿಗೂ ಇಷ್ಟ. ಅದರ ಮುಂದಿನ ಮಾತು ಯಾರೂ ಓದುವುದಿಲ್ಲ: ನೀವು ಮಾನಸಾಂತರಪಡದಿದ್ದರೆ ನೀವೂ ಹಾಗೇ ನಾಶವಾಗುತ್ತೀರಿ. ಪಾಪದ ಮಾತೇ ಎತ್ತಬೇಡಿ ಅನ್ನುವ ನಿಮ್ಮ ಭಾವ ಈ ವಾಕ್ಯವನ್ನು ಎಲ್ಲಿಡುತ್ತಾರೆ?

ಇಷ್ಟು ಹೇಳಿದ ಮೇಲೆ ಈಗ ನಿಮ್ಮ ಮನೆಯ ವಿಷಯಕ್ಕೆ ಬರುತ್ತೇನೆ. ನಾನು ಇಪ್ಪತ್ತೆರಡು ವರ್ಷದಿಂದ ಸುವಾರ್ತೆ ಸಾರುತ್ತಿದ್ದೇನೆ, ದೇವರ ಕೋಪದ ಬಗ್ಗೆ ಬೋಧಿಸಲು ನನಗೆ ಅಂಜಿಕೆ ಇಲ್ಲ. ಆದರೂ ನಿಮ್ಮ ಹೆಂಡತಿಗೆ ಆ ಹಿರಿಯರು ಕೇಳಿದ್ದು ತಪ್ಪು, ವಾಕ್ಯಕ್ಕೇ ವಿರುದ್ಧ. ಯಾಕೆ ಅಂತ ನೋಡಿ.

ದಾವೀದನ ಮಗು ಕಾಯಿಲೆ ಬೀಳುವ ಮೊದಲೇ ನಾತಾನ ಅರಮನೆಗೆ ಬಂದಿದ್ದ. ಬಡವನ ಒಂದೇ ಒಂದು ಕುರಿಮರಿಯ ಕಥೆ ಹೇಳಿದ. ಆ ಮನುಷ್ಯ ನೀನೇ ಅಂತ ಮುಖಕ್ಕೆ ಹೇಳಿದ. ಊರೀಯನನ್ನು ಕೊಲ್ಲಿಸಿದೆ, ಅವನ ಹೆಂಡತಿಯನ್ನು ತೆಗೆದುಕೊಂಡೆ ಅಂತ ಹೆಸರು ಹಿಡಿದು ಪಾಪ ತೋರಿಸಿದ. ಶಿಕ್ಷೆ ಏನು ಅಂತಲೂ ಮೊದಲೇ ಹೇಳಿದ. ದಾವೀದ ನೋಟ್‌ಬುಕ್ ಹಿಡಿದು ಏನು ಮಾಡಿದೆನೋ ಅಂತ ಹುಡುಕಲಿಲ್ಲ. ಅನನೀಯನಿಗೂ ಪೇತ್ರ ಏನು ಸುಳ್ಳು ಅಂತ ಎದುರೇ ಹೇಳಿದ. ತಮ್ಮ ಮೋಶೆಯ ವಿರುದ್ಧ ಮಾತಾಡಿದ ಮಿರ್ಯಾಮಳಿಗೆ ತೊನ್ನು ಹತ್ತುವ ಮೊದಲು ದೇವರು ಅವಳನ್ನು ಗುಡಾರದ ಬಾಗಿಲಿಗೆ ಕರೆದು ಕಾರಣ ಹೇಳಿದ. ಕೊರಿಂಥದವರಿಗೆ ಪೌಲ ಪತ್ರದಲ್ಲೇ ಬಿಡಿಸಿ ಬರೆದ: ಉಳ್ಳವರು ಮೊದಲೇ ಉಂಡು ಕುಡಿದು ಬಡವರನ್ನು ಹಸಿದಿರುವಂತೆ ಮಾಡುತ್ತೀರಿ.

ದೇವರು ಶಿಕ್ಷಿಸಿದ ಕಡೆ ಪಾಪ ಯಾವುದು ಅಂತ ಹೇಳಿಯೇ ಹೇಳುತ್ತಾನೆ. ನಮ್ಮ ದೇವರು ಕತ್ತಲಲ್ಲಿ ನಿಂತು ಹೊಡೆದು, ಯಾಕೆ ಹೊಡೆದೆ ಅಂತ ನೀನೇ ಊಹಿಸು ಅನ್ನುವವನಲ್ಲ. ನಿಮ್ಮ ಮನೆಗೆ ನಾತಾನ ಬಂದಿದ್ದನಾ? ಬಂದವರು ಪಾಪ ಏನಾದರೂ ಇದೆಯಾ ಅಂತ ಕೇಳಿದರು. ಅಂದರೆ ಅವರಿಗೇ ಗೊತ್ತಿರಲಿಲ್ಲ. ಗೊತ್ತಿಲ್ಲದವನು ತೀರ್ಪು ಹೇಳಬಾರದು.

ಇಬ್ರಿಯರಿಗೆ 12ರಲ್ಲಿ ಕರ್ತನು ಪ್ರೀತಿಸುವವರನ್ನೇ ಶಿಕ್ಷಿಸುತ್ತಾನೆ ಅಂತ ಇದೆ. ಅಲ್ಲಿಯ ಗ್ರೀಕ್ ಪದ ಮಗುವನ್ನು ಬೆಳೆಸಿ ತಿದ್ದುವುದಕ್ಕೆ ಬಳಸುವ ಪದ. ಕನ್ನಡದಲ್ಲೂ ಶಿಕ್ಷೆ, ಶಿಕ್ಷಕ, ಶಿಕ್ಷಣ ಒಂದೇ ಮನೆಯ ಮಾತುಗಳು ಅಲ್ವಾ. ತಂದೆ ತಿದ್ದುತ್ತಾನೆ. ಮಗಳನ್ನು ತಿದ್ದಲು ಮೊಮ್ಮಗಳನ್ನು ಕೊಲ್ಲುವ ತಂದೆಯನ್ನು ನಾನು ಬೋಧಿಸುವುದಿಲ್ಲ.

ಧಾರವಾಡದ ಟೀಚರ್: ಸುವಾರ್ತಿಕರೇ, ನಾತಾನನ ಮಾತು ನನಗೆ ಇಷ್ಟು ವರ್ಷ ಹೊಳೆದಿರಲಿಲ್ಲ. ಆದರೂ ಒಂದು ಮುಳ್ಳು ಉಳಿಯುತ್ತದೆ. ಪಾಪ ಮಾಡಿದ್ದು ದಾವೀದ, ಸತ್ತದ್ದು ಏಳು ದಿನದ ಕೂಸು. ನಾತಾನ ಬಂದು ಹೇಳಿದ ಅಂದಮಾತ್ರಕ್ಕೆ ಆ ಕೂಸಿಗೆ ನ್ಯಾಯ ಸಿಕ್ಕಿತಾ?

ಕೆಜಿಎಫ್ ಸುವಾರ್ತಿಕ: ಟೀಚರಮ್ಮ, ಕೂಸಿನ ಪಾಲಿಗೆ ಅದು ಶಿಕ್ಷೆ ಅಂತ ಆ ಅಧ್ಯಾಯ ಎಲ್ಲೂ ಹೇಳುವುದಿಲ್ಲ. ನಾನು ಅವನ ಬಳಿಗೆ ಹೋಗುವೆನು ಅಂತ ದಾವೀದ 23ನೇ ವಚನದಲ್ಲಿ ಹೇಳುತ್ತಾನೆ. ಕೂಸು ಕರ್ತನ ಹತ್ತಿರ ಇದೆ ಅನ್ನುವ ನಂಬಿಕೆ ನನಗೆ ಬಂದದ್ದು ಅಲ್ಲಿಂದಲೇ. ಮುಳ್ಳು ಪೂರ್ತಿ ಹೋಯಿತು ಅಂತ ನಾನೂ ಹೇಳಲಾರೆ.

ಉತ್ತರ 3: ಮಂಗಳೂರಿನ ಕಥೋಲಿಕ

ಅಣ್ಣ, ನಾನು ಕಥೋಲಿಕ ಧರ್ಮಸಭೆಯವನು, ನಮ್ಮ ಮಾತು ಸ್ವಲ್ಪ ಬೇರೆ ದಾರಿಯಿಂದ ಬರುತ್ತದೆ. ಆದರೆ ಆ ನೋಟ್‌ಬುಕ್ ಬಗ್ಗೆ ಓದಿದಾಗ ಎದೆ ಹಿಡಿದಂತಾಯಿತು, ಆ ಕಾಯಿಲೆ ನಮ್ಮಲ್ಲಿ ಬಹಳ ಹಳೆಯದು.

ಸಂತ ಇಗ್ನೇಷಿಯಸ್ ಲೊಯೋಲಾ ಹೆಸರು ಕೇಳಿರುತ್ತೀರಿ, ಯೇಸುಸಭೆ ಕಟ್ಟಿದವರು. 1522ರಲ್ಲಿ ಸ್ಪೇನಿನ ಮೊಂಟ್ಸೆರಾಟ್‌ನಲ್ಲಿ ಅವರು ತಮ್ಮ ಇಡೀ ಬದುಕಿನ ಪಾಪನಿವೇದನೆಯನ್ನು, ಅಂದರೆ ಗುರುವಿನ ಮುಂದೆ ಪಾಪ ಒಪ್ಪಿಕೊಳ್ಳುವುದನ್ನು, ಬರೆದು ಮೂರು ದಿನ ಮಾಡಿದರು. ಅಲ್ಲಿಂದ ಮನ್ರೇಸಾ ಊರಿಗೆ ಹೋದರು. ಸಮಾಧಾನ ಸಿಗಲಿಲ್ಲ. ಏನೋ ಬಿಟ್ಟುಹೋಯಿತು, ಸರಿಯಾಗಿ ಹೇಳಲಿಲ್ಲ ಅಂತ ಮತ್ತೆ ಮತ್ತೆ ನಿವೇದನೆ. ನೆನಪಾದದ್ದನ್ನೆಲ್ಲ ಬರೆದುಕೊಂಡು ಬಾ ಅಂತ ಅಲ್ಲಿಯ ಪಂಡಿತ ಗುರುವೊಬ್ಬರು ಹೇಳಿದರು. ಬರೆದರು. ಆಮೇಲೆ ಇನ್ನೂ ಸಣ್ಣ ಸಣ್ಣವು ನೆನಪಾಗತೊಡಗಿದವು. ಸಾಯೋಣ ಅನ್ನುವ ಯೋಚನೆಯವರೆಗೂ ಹೋದರು. ಕೊನೆಗೆ, ಈ ಯೋಚನೆ ನನ್ನನ್ನು ದೇವರ ಹತ್ತಿರ ಒಯ್ಯುತ್ತಿಲ್ಲ, ಆದ್ದರಿಂದ ಇದು ದೇವರಿಂದ ಬಂದದ್ದಲ್ಲ ಅಂತ ಕಂಡುಕೊಂಡು, ಹಳೆಯ ಪಾಪ ಕೆದಕುವುದನ್ನು ನಿಲ್ಲಿಸಿದರು. ಅಲ್ಲಿಗೆ ಬಿಡುಗಡೆ ಆಯಿತು.

ಅದಕ್ಕೆ ಕೆಲವು ವರ್ಷ ಮೊದಲು ಜರ್ಮನಿಯ ಎರ್ಫುರ್ಟ್ ಮಠದಲ್ಲಿ ಇನ್ನೊಬ್ಬ ಸನ್ಯಾಸಿ ಗಂಟೆಗಟ್ಟಲೆ ನಿವೇದನೆ ಮಾಡಿ ತನ್ನ ಹಿರಿಯ ಗುರು ಸ್ಟೌಪಿಟ್ಸರಿಗೆ ಸುಸ್ತು ಮಾಡಿಸುತ್ತಿದ್ದ. ಅವನು ಮಾರ್ಟಿನ್ ಲೂಥರ್, ಪ್ರೊಟೆಸ್ಟಂಟ್ ಸುಧಾರಣೆ ಶುರು ಮಾಡಿದವನು. ಮುಂದೆ ಲೂಥರನ ಕಡೆಯವರೂ ಇಗ್ನೇಷಿಯಸ್ ಕಡೆಯವರೂ ನೂರಾರು ವರ್ಷ ಒಬ್ಬರ ಮುಖ ಒಬ್ಬರು ನೋಡಲಿಲ್ಲ. ಆದರೆ ಶುರುವಿನಲ್ಲಿ ಇಬ್ಬರ ಕೈಯಲ್ಲೂ ಇದ್ದದ್ದು ನಿಮ್ಮ ಮನೆಯವರ ಕೈಯಲ್ಲಿರುವ ನೋಟ್‌ಬುಕ್ಕೇ.

ನಮ್ಮ ಧರ್ಮಸಭೆ ಪಾಪವನ್ನು ಹಗುರ ಮಾಡುವುದಿಲ್ಲ. ಆದರೆ ಅಳತೆ ಇಟ್ಟಿದೆ. ಘೋರ ಪಾಪ ಅನ್ನಬೇಕಾದರೆ ವಿಷಯ ದೊಡ್ಡದಾಗಿರಬೇಕು, ಪೂರ್ತಿ ಗೊತ್ತಿರಬೇಕು, ಬೇಕಂತಲೇ ಒಪ್ಪಿ ಮಾಡಿರಬೇಕು. ಬಸುರಾದ ದಿನ ಒಂದು ಗಳಿಗೆ ಹೆದರಿಕೆ ಆದದ್ದು ಇದರಲ್ಲಿ ಯಾವುದು? ಅದು ಮನಸ್ಸಿನಲ್ಲಿ ಬಂದು ಹೋದ ಗಾಳಿ. ಎರಡು ಗೆರೆ ಎಳೆಯುವಂಥದ್ದು ಅದರಲ್ಲಿ ಏನೂ ಇಲ್ಲ.

ಶಿಕ್ಷೆಯ ಬಗ್ಗೆ 1992ರ ಕಥೋಲಿಕ ಧರ್ಮೋಪದೇಶ ಗ್ರಂಥದ 1472ನೇ ಕಂಡಿಕೆ ಇದೆ. ಪಾಪದ ಶಿಕ್ಷೆ ಅಂದರೆ ದೇವರು ಹೊರಗಿನಿಂದ ತೀರಿಸಿಕೊಳ್ಳುವ ಸೇಡು ಅಂತ ತಿಳಿಯಬಾರದು, ಅದು ಪಾಪದ ಸ್ವಭಾವದಿಂದಲೇ ಹುಟ್ಟುತ್ತದೆ ಅಂತ ಅದು ಹೇಳುತ್ತದೆ. ಬೆಂಕಿಗೆ ಕೈ ಹಾಕಿದರೆ ಸುಡುತ್ತದೆ, ಹಾಗೆ. ಸುಳ್ಳು ಹೇಳುವವನಿಗೆ ಯಾರನ್ನೂ ನಂಬಲಾಗದೆ ಹೋಗುವುದು ಸುಳ್ಳಿನ ಶಿಕ್ಷೆ. ಪೋಪ್ ಎರಡನೇ ಜಾನ್ ಪಾಲ್ 1984ರಲ್ಲಿ ನೋವಿನ ಬಗ್ಗೆ ಬರೆದ ಪತ್ರದಲ್ಲಿ ಯೋಬನನ್ನೇ ಮುಂದಿಟ್ಟು, ಎಲ್ಲ ನೋವೂ ತಪ್ಪಿನ ಫಲ ಅನ್ನುವುದು ನಿಜವಲ್ಲ ಅಂತ ಬಿಡಿಸಿ ಹೇಳಿದ್ದಾರೆ.

ಜ್ಞಾನಸ್ನಾನದ ಚಿಂತೆಗೆ (ನೀವು ದೀಕ್ಷಾಸ್ನಾನ ಅನ್ನುವುದನ್ನೇ ನಾವು ಹೀಗೆ ಕರೆಯುತ್ತೇವೆ). ಈ ಪ್ರಶ್ನೆ ನಮ್ಮನ್ನು 1600 ವರ್ಷ ಕಾಡಿದೆ. ಸಂತ ಅಗಸ್ಟೀನರು ಜ್ಞಾನಸ್ನಾನ ಆಗದ ಕೂಸಿಗೂ ಶಿಕ್ಷೆ ಇದೆ, ಆದರೆ ಎಲ್ಲಕ್ಕಿಂತ ಹಗುರವಾದದ್ದು ಅಂದುಬಿಟ್ಟರು. ಅಷ್ಟು ದೊಡ್ಡವರ ಮಾತನ್ನು ಹೊರಲಾಗದೆ ನಮ್ಮವರು ನೋವಿಲ್ಲದ ಒಂದು ಅಂಚಿನ ಜಾಗವನ್ನು ಕಲ್ಪಿಸಿಕೊಂಡರು. 2007ರಲ್ಲಿ ವ್ಯಾಟಿಕನ್ನಿನ ದೇವಶಾಸ್ತ್ರ ಆಯೋಗ, ಆ ಕೂಸುಗಳು ರಕ್ಷಣೆ ಹೊಂದುತ್ತವೆ ಅಂತ ನಂಬಿ ಕಾಯಲು ಗಟ್ಟಿ ಕಾರಣಗಳಿವೆ ಅಂತ ಹೇಳಿತು. ಅದು ಬರುವುದರೊಳಗೆ ಎಷ್ಟು ತಾಯಂದಿರು ಅಳುತ್ತಲೇ ಹೋದರೋ. ನಿಮ್ಮ ಮನೆಯವರು ಆ ಸಾಲಿಗೆ ಸೇರಬೇಕಾಗಿಲ್ಲ.

ಇನ್ನೊಂದು ಮಾತು. ಹೆರಿಗೆಯಾದ ಮೂರು ತಿಂಗಳಿಗೆ ನಿದ್ದೆ ಇಲ್ಲದೆ ಪಟ್ಟಿ ಬರೆಯುತ್ತಾ ಕೂರುವುದಕ್ಕೆ ಪ್ರಾರ್ಥನೆಯ ಜೊತೆ ಡಾಕ್ಟರೂ ಬೇಕು. 14416, ಟೆಲಿ ಮಾನಸ್, ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ, ಕನ್ನಡದಲ್ಲೇ ಮಾತಾಡುತ್ತಾರೆ. ದಯವಿಟ್ಟು ಇವತ್ತೇ ಮಾಡಿ.

ಉತ್ತರ 4: ಮೈಸೂರಿನ ಓದುಗ

ಭಾವನ ಮಾತಿಗೆ ಯಾರೂ ಸರಿಯಾಗಿ ಉತ್ತರ ಕೊಡಲಿಲ್ಲ ಅನ್ನಿಸಿತು. ಧರ್ಮಶಾಸ್ತ್ರ ಮುಗಿಯಿತಾ ಅನ್ನುವುದೇ ಸಭೆಯ ಮೊದಲ ದೊಡ್ಡ ಜಗಳ. ಸುಮಾರು ಕ್ರಿ.ಶ. 49ರಲ್ಲಿ ಯೆರೂಸಲೇಮಿನಲ್ಲಿ ಅಪೊಸ್ತಲರು ಕೂತು, ಅನ್ಯಜನರಿಗೆ ಸುನ್ನತಿ ಬೇಡ, ಮೋಶೆಯ ಇಡೀ ಕಟ್ಟಳೆ ಬೇಡ ಅಂತ ತೀರ್ಮಾನ ಮಾಡಿದರು. ಆದರೆ ಹಾದರ ಬಿಡಿ ಅಂತ ಅದೇ ಪತ್ರದಲ್ಲಿ ಬರೆದರು. ಎರಡನೇ ಶತಮಾನದಲ್ಲಿ ಮಾರ್ಸಿಯನ್ ಅನ್ನುವವನು ಹಳೆ ಒಡಂಬಡಿಕೆಯ ಶಿಕ್ಷಿಸುವ ದೇವರೇ ಬೇರೆ, ಯೇಸುವಿನ ತಂದೆಯೇ ಬೇರೆ ಅಂದ. ರೋಮಿನ ಸಭೆ ಅವನನ್ನು ಹೊರಗೆ ಹಾಕಿತು.

ನಿಮ್ಮ ಭಾವನ ಮಾತನ್ನೇ ಆಡಿದವನು ಯೋಹಾನ್ ಅಗ್ರಿಕೋಲ. ಲೂಥರನ ಊರು ಐಸ್ಲೆಬೆನ್‌ನವನೇ, ಅವನ ಆಪ್ತ ಶಿಷ್ಯ. ಕೃಪೆ ಬಂದ ಮೇಲೆ ಕ್ರೈಸ್ತನಿಗೆ ಹತ್ತು ಆಜ್ಞೆ ಬೋಧಿಸುವುದೇ ಬೇಡ, ಅದರ ಜಾಗ ಕೋರ್ಟಿನಲ್ಲಿ ಅಂದ. 1537ರಿಂದ ವಿಟೆನ್‌ಬರ್ಗಿನಲ್ಲಿ ಲೂಥರ್ ಅವನ ವಿರುದ್ಧ ಚರ್ಚೆಗಳ ಮೇಲೆ ಚರ್ಚೆ ನಡೆಸಿದ. ಕೃಪೆಯಿಂದ ಮಾತ್ರ ರಕ್ಷಣೆ ಅಂತ ಯುರೋಪನ್ನೇ ಅಲುಗಿಸಿದ ಮನುಷ್ಯ, 1529ರಲ್ಲಿ ತಾನು ಬರೆದ ಚಿಕ್ಕ ಪ್ರಶ್ನೋತ್ತರ ಪುಸ್ತಕವನ್ನು ಶುರು ಮಾಡಿದ್ದು ಹತ್ತು ಆಜ್ಞೆಯಿಂದ. ಅವನಿಗೆ ಆಜ್ಞೆ ಒಂದು ಕನ್ನಡಿ, ಮುಖದ ಮಸಿ ತೋರಿಸುವುದು ಅದರ ಕೆಲಸ. ಕನ್ನಡಿಯಿಂದ ಮುಖ ತೊಳೆಯಲು ಆಗುವುದಿಲ್ಲ, ಅದಕ್ಕೆ ನೀರು ಬೇಕು, ನೀರು ಕ್ರಿಸ್ತ. ಇನ್ನೊಬ್ಬ ಸುಧಾರಕ ಕಾಲ್ವಿನ್ ಇನ್ನೂ ಮುಂದೆ ಹೋಗಿ, ನಂಬಿದವನಿಗೆ ಆಜ್ಞೆ ದಾರಿದೀಪ, ಅದೇ ಅದರ ಮುಖ್ಯ ಉಪಯೋಗ ಅಂದ. ಇಬ್ಬರ ನಡುವಿನ ಈ ವ್ಯತ್ಯಾಸ ಇವತ್ತಿಗೂ ತೀರಿಲ್ಲ.

ನನ್ನ ಅನಿಸಿಕೆ ಹೇಳುತ್ತೇನೆ. ಮನೆಯವರ ಮನಸ್ಸು ಚುಚ್ಚುವುದನ್ನು ಭಾವ ಇಲ್ಲ ಅಂದುಬಿಟ್ಟರು, ಹಿರಿಯರು ಅದನ್ನೇ ಹಿಡಿದು ತಿರುಚಿದರು. ಗಲಾತ್ಯದವರಿಗೆ ಬರೆದ ಪತ್ರದ 3ನೇ ಅಧ್ಯಾಯದಲ್ಲಿ ಪೌಲ ಧರ್ಮಶಾಸ್ತ್ರವನ್ನು ಒಬ್ಬ ಆಳಿಗೆ ಹೋಲಿಸುತ್ತಾನೆ. ಆ ಕಾಲದ ಶ್ರೀಮಂತರ ಮನೆಯಲ್ಲಿ ಹುಡುಗನ ಕೈಹಿಡಿದು ಶಾಲೆಗೆ ಬಿಟ್ಟು ಬರುವ ಆಳು ಇರುತ್ತಿದ್ದ. ಶಾಲೆಯ ಬಾಗಿಲಿಗೆ ತಲುಪಿಸಿದರೆ ಅವನ ಕೆಲಸ ಮುಗಿಯಿತು. ಆ ಆಳು ನಿಮ್ಮ ಮನೆಯವರನ್ನು ಬಾಗಿಲಿಗೆ ಬಿಡದೆ ದಾರಿಯಲ್ಲೇ ನಿಲ್ಲಿಸಿಕೊಂಡು ಮೂರು ತಿಂಗಳಿಂದ ಬೈಯುತ್ತಿದ್ದಾನೆ. ಕರ್ತನ ಭೋಜನಕ್ಕೆ ಅವರು ಏಳುತ್ತಿಲ್ಲ ಅಂದಿರಿ. ಕೊರಿಂಥದವರಿಗೇ ಪೌಲ ಬರೆದದ್ದು ಪರೀಕ್ಷಿಸಿಕೊಂಡು ತಿನ್ನಲಿ ಅಂತ, ಪರೀಕ್ಷಿಸಿಕೊಂಡು ದೂರ ಕೂರಲಿ ಅಂತ ಅಲ್ಲ.

ಅನಾಹುತ ಕಂಡ ಕೂಡಲೇ ಪಾಪ ಅನ್ನುವುದು ದೊಡ್ಡವರನ್ನೂ ಬಿಟ್ಟಿಲ್ಲ. 1755ರ ನವೆಂಬರ್ 1, ಸಕಲ ಸಂತರ ಹಬ್ಬದ ದಿನ, ಪೋರ್ಚುಗಲ್ಲಿನ ಲಿಸ್ಬನ್ನಿನ ಚರ್ಚುಗಳು ತುಂಬಿದ್ದಾಗ ಭೂಕಂಪ ಆಯಿತು. ಜನ ಪೂಜೆಯಲ್ಲಿದ್ದಾಗಲೇ ಕಲ್ಲಿನ ಛಾವಣಿ ತಲೆ ಮೇಲೆ ಬಿತ್ತು. ಊರಿನ ಪಾಪಕ್ಕೆ ಇದು ಶಿಕ್ಷೆ ಅಂತ ಮಲಾಗ್ರಿಡಾ ಅನ್ನುವ ಜೆಸ್ವಿಟ್ (ಯೇಸುಸಭೆಯ) ಗುರು ಪುಸ್ತಿಕೆ ಬರೆದರು, ಇಂಗ್ಲೆಂಡಿನಿಂದ ಜಾನ್ ವೆಸ್ಲಿ ಕೂಡ ಅದೇ ಅರ್ಥದಲ್ಲಿ ಬರೆದರು. 1934ರ ಬಿಹಾರ ಭೂಕಂಪ ಅಸ್ಪೃಶ್ಯತೆಯ ಪಾಪಕ್ಕೆ ಬಂದ ಶಿಕ್ಷೆ ಅಂತ ಗಾಂಧೀಜಿ ಹೇಳಿದರು. ಅಸ್ಪೃಶ್ಯತೆ ಘೋರ ಪಾಪವೇ, ಅದರಲ್ಲಿ ಎರಡು ಮಾತಿಲ್ಲ. ಆದರೂ ಟಾಗೋರರು ಒಪ್ಪಲಿಲ್ಲ. ಆ ಗೋಡೆಗಳ ಕೆಳಗೆ ಸಿಕ್ಕವರಲ್ಲಿ ಅಸ್ಪೃಶ್ಯರೂ ಇದ್ದರಲ್ಲ. ನನಗೆ ಈ ವಿಷಯದಲ್ಲಿ ಟಾಗೋರರೇ ಸರಿ ಅನ್ನಿಸುತ್ತದೆ. ಬಿಸಿಲನ್ನೂ ಮಳೆಯನ್ನೂ ಒಳ್ಳೆಯವರು ಕೆಟ್ಟವರು ಅನ್ನದೆ ತಂದೆ ಸುರಿಸುತ್ತಾನೆ ಅಂತ ಯೇಸು ಹೇಳಿದ್ದೂ ಇದೇ ಅಲ್ವಾ.

ಕೆಜಿಎಫ್ ಸುವಾರ್ತಿಕ: ಬಿಸಿಲು ಮಳೆಯ ಮಾತು ಈ ಲೋಕದ್ದು. ಕೊನೆಯ ದಿನ ನ್ಯಾಯತೀರ್ಪು ಇದೆ ಅನ್ನುವುದನ್ನು ಮತ್ತಾಯ 25 ಬಿಟ್ಟುಕೊಡುವುದಿಲ್ಲ, ನಾನೂ ಬಿಟ್ಟುಕೊಡುವುದಿಲ್ಲ. ಆದರೆ ಅಲ್ಲಿ ಕೇಳುವ ಪ್ರಶ್ನೆ, ಹಸಿದವನಿಗೆ ಊಟ ಕೊಟ್ಟೆಯಾ ಅಂತ. ಪಕ್ಕದ ಮನೆಯ ಅಜ್ಜಿಯ ಅನ್ನ-ಸಾರು ನೆನಪಾಯಿತು.

ಗದಗದವನು (ಹದಿನೈದು ದಿನ ಕಳೆದು):

ಎಲ್ಲರ ಉತ್ತರವನ್ನೂ ಅವಳಿಗೆ ಓದಿ ಹೇಳಿದೆ. ಒಂದೇ ದಿನ ಅಲ್ಲ, ರಾತ್ರಿ ಸ್ವಲ್ಪ ಸ್ವಲ್ಪ. ನಾತಾನನ ಭಾಗ ಎರಡು ಸಲ ಓದಿಸಿದಳು. ಆಮೇಲೆ ತಾನೇ ಸತ್ಯವೇದ ತೆಗೆದು 2 ಸಮುವೇಲ 12 ಪೂರ್ತಿ ಓದಿದಳು, ಮೊದಲ ಸಲ ಕೊನೆಯವರೆಗೂ. ಮಗು ಸತ್ತ ಮೇಲೆ ದಾವೀದ ನೆಲದಿಂದ ಎದ್ದು, ಸ್ನಾನ ಮಾಡಿ, ಬಟ್ಟೆ ಬದಲಾಯಿಸಿ, ದೇವರ ಆಲಯಕ್ಕೆ ಹೋಗಿ, ಮನೆಗೆ ಬಂದು ಊಟ ಕೇಳಿದ ಅಂತ ಇದೆಯಲ್ಲ, ಅಲ್ಲಿ ಬೆರಳಿಟ್ಟುಕೊಂಡು ಬಹಳ ಹೊತ್ತು ಕೂತಿದ್ದಳು. "ಇದನ್ನು ಅವರು ನನಗೆ ಓದಿ ಹೇಳಲಿಲ್ಲ" ಅಂದಳು.

14416ಕ್ಕೆ ಫೋನ್ ಮಾಡಿದೆವು. ಈಗ ಒಬ್ಬ ಡಾಕ್ಟರ್ ನೋಡುತ್ತಿದ್ದಾರೆ, ನಿದ್ದೆ ಸ್ವಲ್ಪ ಬರುತ್ತಿದೆ. ಪ್ರಾರ್ಥನಾ ಗುಂಪಿಗೆ ಹೋಗುವುದನ್ನು ಬಿಟ್ಟಿದ್ದೇವೆ. ಭಾವನ ಜೊತೆ ಅಗ್ರಿಕೋಲನ ಹೆಸರು ಹೇಳಿ ಒಂದು ಗಂಟೆ ವಾದ ಮಾಡಿದೆ, ಅವರು ಒಪ್ಪಿಲ್ಲ.

ನೋಟ್‌ಬುಕ್ ಇನ್ನೂ ಇದೆ, ಅಕ್ಕಿ ಡಬ್ಬಿಯ ಹಿಂದೆ ಇಟ್ಟಿದ್ದಾಳೆ. ಸುಟ್ಟುಬಿಡೋಣ ಅಂದೆ, ಬೇಡ ಅಂದಳು. ಹೋದ ವಾರ ಅದರಲ್ಲಿ ಏನೂ ಬರೆದಿಲ್ಲ. ಭೋಜನಕ್ಕೆ ಇನ್ನೂ ಎದ್ದಿಲ್ಲ. ಆದರೆ ನಿನ್ನೆ ಊರಿಗೆ ಹೋಗೋಣ ಅಂದಳು. ಮಗಳನ್ನು ಬೆಟಗೇರಿಯಲ್ಲೇ ಮಣ್ಣು ಮಾಡಿದ್ದೇವೆ, ಅವಳು ಒಮ್ಮೆಯೂ ಅಲ್ಲಿಗೆ ಬಂದಿರಲಿಲ್ಲ.

ಟೀಚರ್, ನೀವು ಆ ಕಡೆಯವರಲ್ವಾ. ಸಮಾಧಿಗೆ ಸಣ್ಣ ಕಲ್ಲು ಕೆತ್ತಿ ಕೊಡುವವರು ಗದಗಿನಲ್ಲಿ ಯಾರಾದರೂ ಗೊತ್ತಿದ್ದರೆ ತಿಳಿಸಿ. ಹೆಸರು, ಎರಡು ತಾರೀಖು, ಕೆಳಗೆ 23ನೇ ವಚನ ಬೇಕಂತೆ ಅವಳಿಗೆ.

ಧಾರವಾಡದ ಟೀಚರ್: ವಿಚಾರಿಸುತ್ತೇನೆ ತಮ್ಮಾ. ನೀವು ಬರುವ ದಿನ ಹೇಳು, ಧಾರವಾಡದಿಂದ ಬಸ್ಸಿಗೆ ನಾನೂ ಬರುತ್ತೇನೆ. ನಾನು ಏನೂ ಮಾತಾಡುವುದಿಲ್ಲ, ಅವಳ ಪಕ್ಕ ಕೂರುತ್ತೇನೆ.